ತೇಲುವ ಕಟ್ಟೆಯ ಎರಡನೆಯ ನಕ್ಷೆ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಪಕ್ಕದ ಕೆರೆಯನ್ನು ಊರಿನವರು ಅಪ್ಪನ ಕೆರೆ ಎಂದೇ ಕರೆಯುತ್ತಾರೆ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಹೆಸರು ಈ ಭಾಗದಲ್ಲಿ ದಾಸೋಹದೊಂದಿಗೆ ಬೆಸೆದುಕೊಂಡಿರುವುದರಿಂದ, ಆ ಗುಡಿಯ ಪಕ್ಕದ ನೀರಿನ ಮೇಲೆ ಜನ ಸೇರುವ ಜಾಗವೊಂದನ್ನು ಕಲ್ಪಿಸುವುದು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ತಾನಾಗಿಯೇ ಹೊಳೆಯುವ ಯೋಚನೆ. ವಾರಕ್ಕೆ ಎರಡು ದಿನ ನಾನು ಪಾಠ ಹೇಳುವ ಕಾಲೇಜಿನಲ್ಲಿ ಕಳೆದ ವರ್ಷದ ತಂಡವೊಂದು ಅಲ್ಲಿಗೆ ತೇಲುವ ಸಮುದಾಯ ಭವನದ ನಕ್ಷೆ ಮಾಡಿತ್ತು. ಈ ವರ್ಷದ ತಂಡಕ್ಕೆ ನಾನು ಹೊಸ ವಿಷಯ ಕೊಡಲಿಲ್ಲ. ಅದೇ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಇದನ್ನು ತಿದ್ದಿ ಕೊಡಿ ಎಂದೆ. ಹಿಂದಿನ ವರ್ಷದವರ ಎಂಜಲು ನಮಗೇಕೆ ಸರ್ ಎಂದು ಒಬ್ಬ ಮುಖ ಸಿಂಡರಿಸಿದ. ಅವನ ಮಾತಿನಲ್ಲಿ ನ್ಯಾಯವಿತ್ತಾದರೂ, ನಮ್ಮ ವೃತ್ತಿಯಲ್ಲಿ ಅರ್ಧ ಆಯುಷ್ಯ ಇನ್ನೊಬ್ಬರು ಎಳೆದ ಗೆರೆಯನ್ನು ಸರಿಪಡಿಸುವುದರಲ್ಲಿಯೇ ಕಳೆಯುತ್ತದೆ ಎಂಬುದನ್ನು ಅವನಿಗೆ ಅಂದು ಹೇಳಲು ಹೋಗಲಿಲ್ಲ.

ಮೊದಲ ವಾರ ಅವರು ಕೆರೆಯನ್ನೇ ಬಿಟ್ಟು ಕೋಟೆಯ ಕಂದಕಕ್ಕೆ ಹೋಗಲು ನೋಡಿದರು. 1367ರ ಜಾಮಿ ಮಸೀದಿಯ ಹಿನ್ನೆಲೆ, ಹಳೆಯ ಕೊತ್ತಲ, ಅದರ ಕೆಳಗೆ ನೀರು; ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಆದರೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸದಾಗಿ ಕಟ್ಟುವುದನ್ನು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ನಿಷೇಧಿಸಿದೆ, ಅದರಾಚೆಯ 200 ಮೀಟರಿಗೂ ಅನುಮತಿಯ ಕಟ್ಟುಪಾಡುಗಳಿವೆ. ತೇಲುವುದು ಕಟ್ಟಡವೇ ಅಲ್ಲವಲ್ಲ ಎಂಬ ವಾದವೂ ಬಂತು. ಬುದ್ಧಿವಂತರ ವಾದ, ಆದರೆ ಅದನ್ನು ಹಿಡಿದುಕೊಂಡು ಅರ್ಜಿ ಹಾಕುವವನ ಗತಿಯನ್ನು ನೆನೆದು ನಾನು ಅವರನ್ನು ಕೆರೆಗೆ ಮರಳಿಸಿದೆ.

ಓದಲಿಕ್ಕೆಂದು ಎರಡು ಉದಾಹರಣೆಗಳನ್ನು ಕೊಟ್ಟಿದ್ದೆ. ಒಂದು, ಇಟಲಿಯ ಆಲ್ಡೊ ರೊಸ್ಸಿ 1979ರಲ್ಲಿ ವೆನಿಸ್ಸಿನಲ್ಲಿ ಮಾಡಿದ ತೇಲುವ ರಂಗಮಂದಿರ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಮರದ ಹಲಗೆ ಹೊದಿಸಿ, ದೊಡ್ಡ ದೋಣಿಯ ಮೇಲೆ ನಿಲ್ಲಿಸಿದ್ದ ಅದನ್ನು 1980ರಲ್ಲಿ ಸಮುದ್ರದ ಮೇಲೆ ಎಳೆದುಕೊಂಡು ದುಬ್ರೊವ್ನಿಕ್‌ವರೆಗೆ ಒಯ್ದು, ಆಮೇಲೆ ಬಿಚ್ಚಿಹಾಕಿದರು. ನಮ್ಮ ತೆಪ್ಪೋತ್ಸವ ಕಂಡವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ತೆಪ್ಪವನ್ನು ಕಟ್ಟುವಾಗಲೇ ಬಿಚ್ಚುವ ದಿನ ಗೊತ್ತಿರುತ್ತದೆ. ಇನ್ನೊಂದು, ನೈಜೀರಿಯಾದ ಲಾಗೋಸಿನ ಮಕೋಕೊದಲ್ಲಿ ಕುನ್ಲೆ ಅಡೆಯೆಮಿ ವಿನ್ಯಾಸ ಮಾಡಿದ, 2013ರಲ್ಲಿ ಪೂರ್ಣಗೊಂಡ ತೇಲುವ ಶಾಲೆ. 256 ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ನಿಂತಿದ್ದ ಆ ಮೂರಂತಸ್ತಿನ ಶಾಲೆಯ ಮರುರೂಪಕ್ಕೆ 2016ರ ವೆನಿಸ್ ವಾಸ್ತುಶಿಲ್ಪ ದ್ವೈವಾರ್ಷಿಕ ಪ್ರದರ್ಶನದಲ್ಲಿ ಬೆಳ್ಳಿ ಸಿಂಹ ಪ್ರಶಸ್ತಿ ಬಂದ ಕೆಲವೇ ದಿನಗಳಲ್ಲಿ, ಜೂನ್ ತಿಂಗಳ ಮಳೆಯ ನಂತರ, ಲಾಗೋಸಿನ ಮೂಲ ಶಾಲೆ ಕುಸಿದುಬಿತ್ತು. ಪ್ರಶಸ್ತಿಯ ಫೋಟೋ ಮತ್ತು ಕುಸಿದ ಹಲಗೆಗಳ ಫೋಟೋ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರೆಂದು ಹೇಳಿದ್ದೆ.

ಹಳೆಯ ನಕ್ಷೆಯ ತಪ್ಪು ತೂಕದ್ದು ಎಂದು ನಾನು ಭಾವಿಸಿದ್ದೆ, ಅಷ್ಟರಮಟ್ಟಿಗೆ ನಾನು ಸರಿಯೂ ಇದ್ದೆ. ನೋಡಲು ದೋಣಿಯಂತಿರಲಿ ಎಂದು ಅವರು 12 ಮೀಟರು ಉದ್ದ, 3 ಮೀಟರು ಅಗಲದ ತಳ ಹಾಕಿ, ಕೆಳಗೆ 200 ಲೀಟರಿನ ಡ್ರಮ್ಮುಗಳ ಒಂದು ಪದರ ತೋರಿಸಿದ್ದರು. ಡ್ರಮ್ಮು ಮಲಗಿದರೆ ಹೆಚ್ಚುಕಡಿಮೆ ಅರ್ಧ ಚದರ ಮೀಟರು ಜಾಗ ಹಿಡಿಯುತ್ತದೆ. ಆ 36 ಚದರ ಮೀಟರಿನ ಕೆಳಗೆ 70ರಷ್ಟು ಡ್ರಮ್ಮು ಹಿಡಿದಾವು. ತನ್ನ ತೂಕ ಕಳೆದು ಒಂದೊಂದು 190 ಕಿಲೋ ಎತ್ತಿದರೂ ಪೂರ್ತಿ ಮುಳುಗುವ ಹೊತ್ತಿಗೆ ಎಲ್ಲ ಸೇರಿ ಹೊರುವುದು 13 ಟನ್. ಆದರೆ ಕುರ್ಚಿ ಜೋಡಿಸದ ಸಭಾಸ್ಥಳಕ್ಕೆ ಕಟ್ಟಡಗಳು ಹೊರಬೇಕಾದ ಹೊರೆಯನ್ನು ಹೇಳುವ ಭಾರತೀಯ ಮಾನಕ 875ರ ಪ್ರಕಾರ ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕಿಲೋ ಹೊರೆ ಹಿಡಿಯಬೇಕು. ಜನರದ್ದೇ 18 ಟನ್ ಆಯಿತು, ಚಾವಣಿ ಮತ್ತು ನೆಲದ ಲೆಕ್ಕ ಇನ್ನೂ ಬಂದಿಲ್ಲ. ಅಷ್ಟು ಜನ ಯಾಕೆ ಬರುತ್ತಾರೆ ಸರ್ ಎಂದು ಕೇಳಿದವರಿಗೆ, ಹೋಳಿಯ ಆಸುಪಾಸಿನಲ್ಲಿ ಅಪ್ಪನ ಜಾತ್ರೆಯ ತೇರು ಎಳೆಯುವ ದಿನ ಕೆರೆಯ ದಂಡೆಯ ಮೇಲೆ ನಿಂತು ನೋಡಿ ಎಂದು ಉತ್ತರ ಕೊಟ್ಟೆ.

ಆಕಾರದ ಲೆಕ್ಕವೂ ಅಷ್ಟೇ ಕಟು. ಅದೇ 36 ಚದರ ಮೀಟರನ್ನು 6 ಮೀಟರಿನ ಚೌಕ ಮಾಡಿದರೆ ಓಲಾಟವನ್ನು ತಡೆಯುವ ಶಕ್ತಿ ಆ ದೋಣಿಯಾಕಾರಕ್ಕಿಂತ ನಾಲ್ಕು ಪಟ್ಟಾಗುತ್ತದೆ. ಇನ್ನು ನೆಲಕ್ಕೆ ಅವರು ಹಾಕಿದ್ದು ಶಹಾಬಾದ ಫರಸಿ, ಅಂದರೆ ಇಲ್ಲಿಯ ಹಾಸುಗಲ್ಲು. ಸ್ಥಳೀಯತೆ ಎಂಬ ಪದ ವಿದ್ಯಾರ್ಥಿಗಳ ಕೈಗೆ ಸಿಕ್ಕಾಗಲೆಲ್ಲ ಕಲಬುರಗಿಯಲ್ಲಿ ಫರಸಿ ಬಂದೇ ಬರುತ್ತದೆ. 25 ಮಿಲಿಮೀಟರು ದಪ್ಪದ ಫರಸಿ ಚದರ ಮೀಟರಿಗೆ 65 ಕಿಲೋ ತೂಗುತ್ತದೆ, ಅಂದರೆ ಯಾರೂ ಕಾಲಿಡುವ ಮೊದಲೇ ಕಟ್ಟೆ ಆರೂವರೆ ಸೆಂಟಿಮೀಟರು ಇಳಿದಿರುತ್ತದೆ.

ಲೆಕ್ಕವನ್ನು ಮೈಯಿಂದ ತಿಳಿಯಲೆಂದು ಒಂದು ಸಣ್ಣ ತೆಪ್ಪ ಕಟ್ಟಲು ತೀರ್ಮಾನಿಸಿದರು. ಆಳಂದ ರಸ್ತೆಯ ಕಡೆಯ ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ತಮ್ಮ ಹೊಲದ ಕೃಷಿ ಹೊಂಡ ತುಂಬಿದೆ, ಅಲ್ಲಿಯೇ ಬಿಡೋಣ ಎಂದಳು. ನಾಲ್ಕು ಡ್ರಮ್ಮು, ಸೆಂಟ್ರಿಂಗ್ ಹಲಗೆ, ನೈಲಾನ್ ಹಗ್ಗ. ಹೊಂಡದ ದಂಡೆಯಲ್ಲಿ ಅವಳ ತಂದೆ ಕೈಕಟ್ಟಿಕೊಂಡು ನಿಂತಿದ್ದರು. ಅವರ ಕಣ್ಣು ತೆಪ್ಪದ ಮೇಲೆ ಇರಲಿಲ್ಲ, ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕಿನ ಮೇಲಿತ್ತು. “ತಾಡಪತ್ರಿ ಹರಿತದ, ಡ್ರಮ್ಮಿನ ಕಂಠಕ್ಕ ಚೀಲಾ ಕಟ್ರಿ” ಎಂದು ತಾವೇ ನಾಲ್ಕು ಗೋಣಿಚೀಲ ತಂದುಕೊಟ್ಟರು. ತೆಪ್ಪ ತೇಲಿತು, ಆರು ಜನ ನಿಂತರೂ ತೇಲಿತು. ಆಮೇಲೆ ಒಬ್ಬ ಸೆಲ್ಫಿಗೆಂದು ಮೊಬೈಲ್ ಎತ್ತಿದ, ಉಳಿದ ಐವರೂ ಅವನ ಮಗ್ಗುಲಿಗೆ ಸರಿದರು, ಆ ಬದಿಯ ಹಲಗೆ ಸದ್ದಿಲ್ಲದೆ ನೀರೊಳಗೆ ಹೋಯಿತು. ಸೊಂಟದ ಮಟ್ಟದ ನೀರಾದ್ದರಿಂದ ಬಟ್ಟೆ ಮತ್ತು ಮೊಬೈಲ್ ಬಿಟ್ಟು ಬೇರೆ ನಷ್ಟವಾಗಲಿಲ್ಲ. ಹರಿಗೋಲಿನಲ್ಲಿ ಕೃಷ್ಣೆ ದಾಟಿದವರಿಗೆ ಅಂಬಿಗ ಮೊದಲು ಹೇಳುವ ಮಾತು ಕೂತುಕೊಳ್ಳಿ ಎಂಬುದು ಯಾಕೆಂದು ಆರೂ ಜನರಿಗೆ ಒಂದೇ ಏಟಿಗೆ ಅರ್ಥವಾಯಿತು; ಹೊಸ ನಕ್ಷೆಯಲ್ಲಿ ಕೂರುವ ಜಾಗ ನೆಲದ ಮಟ್ಟಕ್ಕಿಂತ ಒಂದು ಪಾವಟಿಗೆ ಕೆಳಗೆ ಇಳಿದದ್ದು ಅಂದಿನಿಂದಲೇ.

ಬಟ್ಟೆ ಹಿಂಡಿಕೊಳ್ಳುತ್ತ ಕುಳಿತಿದ್ದಾಗ ಆ ತಂದೆ ನನ್ನನ್ನು ಕೇಳಿದರು: “ಬ್ಯಾಸಿಗ್ಯಾಗ ನೀರ ಇಳದ ಮ್ಯಾಲ ಇದೇನ್ ಮಾಡ್ತದ್ರಿ ಸರ್?”

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಹಳೆಯ ನಕ್ಷೆಯ ಚಿತ್ರಗಳನ್ನು ಮತ್ತೆ ತೆಗೆದು ನೋಡಿದರೆ, ಹನ್ನೆರಡು ಹಾಳೆಗಳಲ್ಲಿಯೂ ಇದ್ದದ್ದು ಮಳೆಗಾಲ ಮುಗಿಯುವ ಹೊತ್ತಿನ ನೀರು. ದಂಡೆಯವರೆಗೆ ತುಂಬಿದ ಕೆರೆ, ಅದರಲ್ಲಿ ಕಟ್ಟಡದ ನೆರಳು. ವರ್ಷವಿಡೀ ಅವನ್ನು ನೋಡಿ ಅಂಕ ಕೊಟ್ಟವರಲ್ಲಿ ನಾನೂ ಒಬ್ಬ. ವೆನಿಸ್ಸಿನ ನೀರು ದಿನಕ್ಕೆ ಎರಡು ಸಲ ಏರಿಳಿದರೂ ಅಲ್ಲಿಯೇ ಇರುತ್ತದೆ. ಮಳೆಯನ್ನೇ ನಂಬಿದ ಬಯಲುಸೀಮೆಯ ಕೆರೆ ಹಾಗಲ್ಲ; ಜಾತ್ರೆಯ ಹೊತ್ತಿಗಾಗಲೇ ಇಳಿಯತೊಡಗಿ, 42 ಡಿಗ್ರಿ ದಾಟುವ ಬಿಸಿಲಿಗೆ ಮೇ ತಿಂಗಳಲ್ಲಿ ದಂಡೆಯಿಂದ ಹಿಂದೆ ಸರಿಯುತ್ತದೆ. ಜನ ಹೆಚ್ಚುವ ಕಾಲವೂ ನೀರು ತಗ್ಗುವ ಕಾಲವೂ ಇಲ್ಲಿ ಒಂದೇ. ಚದರ ಮೀಟರಿಗೆ 500 ಕಿಲೋ ಹೊತ್ತ ಕಟ್ಟೆ ಜನರ ತೂಕಕ್ಕೇ ಅರ್ಧ ಮೀಟರು ಮುಳುಗುವುದರಿಂದ, ಮೊಣಕಾಲುದ್ದ ನೀರಿದ್ದರೂ ಅದರ ತಳ ಹೂಳಿಗೆ ತಾಗುತ್ತದೆ. ಹೂಳು ಸಮತಟ್ಟಾಗಿಯೂ ಇರುವುದಿಲ್ಲ, ತಾಗಿದ್ದನ್ನು ಸುಲಭವಾಗಿ ಬಿಡುವುದೂ ಇಲ್ಲ. ಮಳೆ ಬಂದು ನೀರೇರಿದಾಗ ಒಂದು ಮೂಲೆ ಕೆಸರಿಗೆ ಕಚ್ಚಿಕೊಂಡಿದ್ದು ಇನ್ನೊಂದು ಮೂಲೆ ಎದ್ದರೆ ಕಟ್ಟೆ ಸೀಳೀತು.

ಅಲ್ಲಿಂದ ಮುಂದಿನ ಕೆಲಸವೆಲ್ಲ ನೀರಿಳಿದಾಗ ಕಟ್ಟೆಯನ್ನು ಕೆರೆಯ ತಳದ ಮೇಲೆ ಕೂರಿಸುವ ಕೆಲಸವಾಯಿತು. ಕೊನೆಯ ವಿಮರ್ಶೆಯ ದಿನ ಅದೇ ವಿದ್ಯಾರ್ಥಿನಿ ಒಂದು ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ತನ್ನ ತಂದೆಯ ಹೊಲದ ಎರೆಮಣ್ಣನ್ನು ಮೆತ್ತಿ, ನೀರು ತುಂಬಿ, ಹಳೆಯ ಮತ್ತು ಹೊಸ ಎರಡೂ ಮಾದರಿಗಳನ್ನು ತೇಲಿಬಿಟ್ಟಳು. ಬಳಿಕ ಮಾತಿಲ್ಲದೆ ಚೊಂಬಿನಿಂದ ನೀರು ತೋಡತೊಡಗಿದಳು. ಹತ್ತನೆಯದೋ ಹನ್ನೊಂದನೆಯದೋ ಚೊಂಬಿಗೆ ದೋಣಿಯಾಕಾರದ ಹಳೆಯ ಮಾದರಿ ಒಂದು ಮಗ್ಗುಲಿಗೆ ವಾಲಿ ಕೆಸರಿನಲ್ಲಿ ಕುಂತಿತು. ಹೊಸದು ಆರು ಮೂಲೆಯ ಕಟ್ಟೆ, ಒಂದು ಬಿಟ್ಟು ಒಂದು ಮೂಲೆಗೆ ಗಿಡ್ಡ ಕಾಲು. ಮೂರು ಕಾಲುಗಳೂ ಅವಳು ಮೊದಲೇ ಹೂತಿಟ್ಟಿದ್ದ ಮೂರು ಫರಸಿ ಚೂರುಗಳ ಮೇಲೆ ಇಳಿದು ನಿಂತವು. ನಾಲ್ಕು ಯಾಕಿಲ್ಲ ಎಂದು ಹೊರಗಿನಿಂದ ಬಂದ ವಿಮರ್ಶಕರು ಕೇಳಿದರು. ನಮ್ಮ ಅಜ್ಜಿ ಹೊಲದಾಗ ಮೂರೇ ಒಲೆಗುಂಡು ಇಡತಿದ್ದಳು ಸರ್, ನೆಲ ಹೆಂಗಿದ್ರೂ ಗಡಿಗಿ ಅಲುಗ್ತಿರಲಿಲ್ಲ ಎಂದಳು. ನೆಲಹಾಸಿನಿಂದ ತೆಗೆದ ಫರಸಿಗೆ ಕೆರೆಯ ತಳದಲ್ಲಿ ಕೆಲಸ ಸಿಕ್ಕಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಬೇಸಿಗೆಯಲ್ಲಿ ತಳ ಕಂಡಾಗ ಕಲ್ಲಿನ ಪೀಠಗಳನ್ನು ಹಾಕುವುದು, ಕಟ್ಟೆ ಅವುಗಳಿಂದ ಆಚೆ ಸರಿಯದಂತೆ ಪಕ್ಕದಲ್ಲಿ ಕಂಬ ನಿಲ್ಲಿಸಿ, ಕಟ್ಟೆಗೆ ಜೋಡಿಸಿದ ಬಳೆ ಅದರ ಮೇಲೆ ಏರಿಳಿಯುವಂತೆ ಜಾರಿಸುವುದು ಅವರ ಯೋಜನೆ.

ಇದಕ್ಕೂ ಬೆಲೆ ತೆರಬೇಕು. ತೇಲುವಾಗ ನೀರು ಕಟ್ಟೆಯನ್ನು ಕೆಳಗಿನಿಂದ ಎಲ್ಲೆಡೆಯೂ ಹೊರುತ್ತದೆ. ಕುಳಿತಾಗ ಇಡೀ ಹೊರೆ ಮೂರೇ ಕಾಲಿಗೆ ಬೀಳುವುದರಿಂದ ತೊಲೆಗಳು ದಪ್ಪವಾಗಬೇಕು, ತೊಲೆ ದಪ್ಪವಾದರೆ ಕಟ್ಟೆ ಇನ್ನಷ್ಟು ಮುಳುಗುತ್ತದೆ, ಮುಳುಗಿದರೆ ಇನ್ನಷ್ಟು ಬೇಗ ತಳ ತಾಗುತ್ತದೆ. ಈ ಸುತ್ತಿನಿಂದ ಹೊರಬರಲು ಅವರು ಗಾಜಿನ ಗೋಡೆ ತೆಗೆದರು, ಭಾರದ ಚಾವಣಿ ತೆಗೆದು ಸಂಜೆಗೆ ಸುತ್ತಿಡಬಹುದಾದ ಬಟ್ಟೆಯ ನೆರಳು ಹಾಕಿದರು. ಗುಡಿಯ ಶಿಖರದ ಎದುರು ತಲೆ ಎತ್ತದಷ್ಟು ತಗ್ಗಾಗಿ ಕಟ್ಟೆ ಉಳಿದದ್ದು ಅದರಿಂದಲೇ; ಅವರ ವರದಿಯಲ್ಲಿ ಇದನ್ನು ಪರಂಪರೆಯ ಗೌರವ ಎಂದು ಬರೆದುಕೊಂಡಿದ್ದಾರೆ, ಇರಲಿ. ದಂಡೆಯಿಂದ ಕಟ್ಟೆಗೆ ಹೋಗುವ ದಾರಿ ಮಾತ್ರ ಇನ್ನೂ ಬಗೆಹರಿದಿಲ್ಲ. ಗಾಲಿಕುರ್ಚಿ ಹೋಗಬೇಕಾದರೆ ಒಂದಕ್ಕೆ ಹನ್ನೆರಡರ ಇಳಿಜಾರು ಬೇಕು. ನೀರು 2 ಮೀಟರು ಇಳಿದರೆ ಆ ದಾರಿ 24 ಮೀಟರು ಉದ್ದವಾಗುತ್ತದೆ. ಮೂರು ತಿರುವಿನ ಒಂದು ಪರಿಹಾರ ತೋರಿಸಿದ್ದಾರೆ, ನನಗೆ ಒಪ್ಪಿಗೆಯಾಗಿಲ್ಲ, ಅಂಕ ಕಡಿಮೆ ಕೊಟ್ಟಿದ್ದೇನೆ.

ಹೊಂಡದಲ್ಲಿ ಬಿಟ್ಟ ತೆಪ್ಪವನ್ನು ತರಲು ಹೋದ ತಿಂಗಳು ಹೋಗಿದ್ದೆವು. ಅದರ ಮೇಲೆ ಆ ತಂದೆ ಸಣ್ಣ ಪಂಪು ಕೂರಿಸಿದ್ದರು. ದಂಡೆಯ ಮೇಲಿದ್ದಾಗ ನೀರು ಇಳಿದ ಹಾಗೆಲ್ಲ ಪೈಪಿಗೆ ಗಾಳಿ ಹೊಕ್ಕು ಪಂಪು ನಿಲ್ಲುತ್ತಿತ್ತಂತೆ, ಈಗ ನೀರಿನ ಜೊತೆಗೆ ಅದೂ ಇಳಿಯುತ್ತದೆ. ಡ್ರಮ್ಮಿನ ಕಂಠದ ಗೋಣಿಚೀಲಗಳು ಹಾಗೆಯೇ ಇದ್ದವು. ನಾವು ಚಹಾ ಕುಡಿದು ಬರಿಗೈಯಲ್ಲಿ ಮರಳಿದೆವು.