ರಾಯಚೂರಿನ ಮೇ ಮಧ್ಯಾಹ್ನಕ್ಕೂ ತಾಳುವ ಓವರ್‌ಕ್ಲಾಕ್

ಕಂಪನಿ ಕೊಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಕಂಪ್ಯೂಟರಿನ ಪ್ರೊಸೆಸರನ್ನು ಓಡಿಸುವುದೇ ಓವರ್‌ಕ್ಲಾಕ್. ಹಾಗೆ ಏರಿಸಿ, ಜನವರಿ ರಾತ್ರಿ ಕೋಣೆ 24 ಡಿಗ್ರಿ ಇದ್ದಾಗ, ಪ್ರೊಸೆಸರಿಗೆ ಪೂರ್ತಿ ಭಾರ ಹಾಕಿ ಅಳೆಯುವ ಸಿನೆಬೆಂಚ್ ತಂತ್ರಾಂಶ ಓಡಿಸಿ, ಪ್ರೊಸೆಸರ್ 74 ಡಿಗ್ರಿಗೆ ನಿಂತರೆ ಯಾರಿಗಾದರೂ ಸಮಾಧಾನವಾಗುತ್ತದೆ. ಆಗ ಬರೆದಿಟ್ಟುಕೊಳ್ಳಬೇಕಾದ ಅಂಕಿ 50. ಕೋಣೆಗೂ ಪ್ರೊಸೆಸರಿಗೂ ನಡುವಿನ ಅಂತರ ಅದು. ಫ್ಯಾನಿನ ವೇಗ, ಕೆಲಸದ ಭಾರ ಬದಲಾಗದಿದ್ದರೆ ಈ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ತಗಡಿನ ಸೂರಿನ ಕೆಳಗಿನ ಕೋಣೆ 40 ಮುಟ್ಟಿದಾಗ ಅದೇ ಸೆಟ್ಟಿಂಗ್ 90ಕ್ಕೆ ಏರುತ್ತದೆ. ಚಿಪ್ ಬಿಸಿಯಾದಷ್ಟೂ ಒಳಗೆ ಸೋರುವ ಕರೆಂಟೂ ಹೆಚ್ಚುವುದರಿಂದ ಇನ್ನೊಂದೆರಡು ಡಿಗ್ರಿ ಸೇರಿಸಿಕೊಳ್ಳಿ. ಎಎಂಡಿಯ ರೈಜೆನ್ 7 5800ಎಕ್ಸ್‌ಗೆ 90, ರೈಜೆನ್ 7000 ಸರಣಿಯ ಹೆಚ್ಚಿನ ಚಿಪ್‌ಗಳಿಗೆ 95, ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಬಹುತೇಕ ಡೆಸ್ಕ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿ ಮಿತಿ. ಅಲ್ಲಿಗೆ ಮುಟ್ಟಿದ ಕೂಡಲೇ ಚಿಪ್ ತಾನಾಗಿಯೇ ವೇಗ ಇಳಿಸುತ್ತದೆ. ಅಂದರೆ ಚಳಿಗಾಲದಲ್ಲಿ ಗಳಿಸಿದ ವೇಗ ಬೇಸಿಗೆಯಲ್ಲಿ ಕೈಗೆ ಸಿಗುವುದಿಲ್ಲ.

ಹಾಗಾಗಿ ನಮ್ಮ ಕಡೆ ಲೆಕ್ಕ ಮೇ ತಿಂಗಳಿಂದ ಶುರುವಾಗಬೇಕು. ಕೋಣೆ 40, ಪ್ರೊಸೆಸರ್ 85 ದಾಟಬಾರದು. ಉಳಿದದ್ದು 45 ಡಿಗ್ರಿ. ಕ್ಯಾಬಿನೆಟ್ಟಿನ ಬಾಗಿಲು ಹಾಕಿಯೇ ಪರೀಕ್ಷೆ ಮಾಡಿ. ಗ್ರಾಫಿಕ್ಸ್ ಕಾರ್ಡ್ ದುಡಿಯುವಾಗ ಒಳಗಿನ ಗಾಳಿ ಕೋಣೆಗಿಂತ 5ರಿಂದ 8 ಡಿಗ್ರಿ ಹೆಚ್ಚಿರುವುದು ಮಾಮೂಲು, ಅದೂ ಈ 45ರಲ್ಲೇ ಕಳೆಯುತ್ತದೆ.

ಶಾಖದ ಮೂಲ ವೋಲ್ಟೇಜ್. ಚಿಪ್ ತಿನ್ನುವ ವಿದ್ಯುತ್ ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 4.5 ಗಿಗಾಹರ್ಟ್ಸ್, 1.20 ವೋಲ್ಟಿನಲ್ಲಿ 100 ವ್ಯಾಟ್ ತಿನ್ನುವ ಚಿಪ್ಪನ್ನು 4.8 ಗಿಗಾಹರ್ಟ್ಸ್, 1.30 ವೋಲ್ಟಿಗೆ ಒಯ್ದರೆ ವೇಗ ಹೆಚ್ಚಿದ್ದು ಶೇ 6.7, ವಿದ್ಯುತ್ ಹೆಚ್ಚಿದ್ದು ಶೇ 25. ಅದೇ 4.8 ಗಿಗಾಹರ್ಟ್ಸ್ 1.22 ವೋಲ್ಟಿಗೇ ನಿಂತರೆ ಶೇ 10 ಮಾತ್ರ. ಕೊನೆಯ ನೂರು ಮೆಗಾಹರ್ಟ್ಸ್ ಯಾವಾಗಲೂ ದುಬಾರಿ. ನೂರು ಮೆಗಾಹರ್ಟ್ಸ್ ಏರಿಸಲು 0.04 ವೋಲ್ಟಿಗಿಂತ ಹೆಚ್ಚು ಕೇಳಿದರೆ ಅಲ್ಲಿಗೆ ಬಿಟ್ಟುಬಿಡಿ. ಹೆಚ್ಚು ವೋಲ್ಟೇಜೂ ಹೆಚ್ಚು ಶಾಖವೂ ಒಟ್ಟಿಗೆ ಬಂದರೆ ಚಿಪ್ ನಿಧಾನವಾಗಿ ಸವೆಯುತ್ತದೆ. ಇವತ್ತು 1.25ಕ್ಕೆ ಓಡಿದ ವೇಗಕ್ಕೆ ಒಂದೆರಡು ವರ್ಷದ ಮೇಲೆ 1.28 ಬೇಕಾಗುವುದು ಈ ಸವೆತದಿಂದಲೇ.

ಖರೀದಿಗೆ ಮೊದಲೇ ಒಂದು ಮಾತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಚಿಪ್ ಮತ್ತು ‘ಜೆಡ್’ ಚಿಪ್‌ಸೆಟ್ಟಿನ ಬೋರ್ಡ್ ಎರಡೂ ಬೇಕು. ಬಿ660, ಬಿ760 ಬೋರ್ಡುಗಳಲ್ಲಿ ರ್‍ಯಾಮ್ ವೇಗ ಏರಿಸಬಹುದು, ಪ್ರೊಸೆಸರಿನ ಮಲ್ಟಿಪ್ಲೈಯರ್ (ಮೂಲ 100 ಮೆಗಾಹರ್ಟ್ಸನ್ನು ಗುಣಿಸುವ ಅಂಕಿ, 46 ಎಂದರೆ 4.6 ಗಿಗಾಹರ್ಟ್ಸ್) ಏರಿಸಲಾಗದು. ರೈಜೆನ್‌ನಲ್ಲಿ ಹೆಚ್ಚಿನ ಚಿಪ್‌ಗಳು ತೆರೆದೇ ಇರುತ್ತವೆ, ಬೋರ್ಡ್ ‘ಬಿ’ ಅಥವಾ ‘ಎಕ್ಸ್’ ಸರಣಿಯದಿರಲಿ. ಓವರ್‌ಕ್ಲಾಕಿನಿಂದಾದ ಹಾನಿಗೆ ವಾರಂಟಿ ಸಿಗುವುದಿಲ್ಲ ಎಂಬುದನ್ನು ತಿಳಿದೇ ಮುಂದುವರಿಯಿರಿ.

ಇಂಟೆಲ್ ಐ5-12600ಕೆ ತೆಗೆದುಕೊಳ್ಳೋಣ. ಮೊದಲು ಬಯೋಸ್ (ಬೋರ್ಡನ್ನು ನಡೆಸುವ ಮೂಲ ತಂತ್ರಾಂಶ, ಈ ಸೆಟ್ಟಿಂಗುಗಳೆಲ್ಲ ಇರುವುದು ಅದರಲ್ಲೇ) ಅಪ್‌ಡೇಟ್, ಅದೂ ಯುಪಿಎಸ್ ಮೇಲೆ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು. ಆಮೇಲೆ ಡಿಫಾಲ್ಟ್ ಹಾಕಿ, ರ್‍ಯಾಮಿನ ವೇಗ ಏರಿಸುವ ಎಕ್ಸ್‌ಎಂಪಿ ಸದ್ಯಕ್ಕೆ ಆಫ್ ಮಾಡಿ. ಅದನ್ನು ಆನ್ ಇಟ್ಟುಕೊಂಡರೆ ಕ್ರ್ಯಾಶ್ ರ್‍ಯಾಮಿನದೋ ಪ್ರೊಸೆಸರಿನದೋ ಗೊತ್ತಾಗುವುದಿಲ್ಲ. ಏನನ್ನೂ ಮುಟ್ಟದೆ ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿ, ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ವೋಲ್ಟೇಜ್, ವ್ಯಾಟ್, ತಾಪಮಾನ ಬರೆದುಕೊಳ್ಳಿ, ಪಕ್ಕದಲ್ಲಿ ಕೋಣೆಯ ತಾಪಮಾನವನ್ನೂ. ನಂತರ ದೊಡ್ಡ ಕೋರುಗಳ (ಚಿಪ್ಪಿನೊಳಗೆ ಹೆಚ್ಚು ವೇಗವಾಗಿ ಲೆಕ್ಕ ಮಾಡುವ ಘಟಕಗಳ) ಮಲ್ಟಿಪ್ಲೈಯರ್ 46, ಆಮೇಲೆ 47. ವೋಲ್ಟೇಜನ್ನು ಆಟೋಗೆ ಬಿಡಬೇಡಿ, ಮಲ್ಟಿಪ್ಲೈಯರ್ ಏರಿದರೆ ಬೋರ್ಡ್ ತನ್ನ ಕಡೆಯಿಂದ ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ. 1.20ರಿಂದ ಶುರುಮಾಡಿ, ಕ್ರ್ಯಾಶ್ ಆದರೆ 0.01 ಏರಿಸಿ, ಮತ್ತೆ ಓಡಿಸಿ. ನಮ್ಮ ಹವೆಗೆ ಪೂರ್ತಿ ಲೋಡಿನಲ್ಲಿ 1.30 ದಾಟುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಹೆಚ್ಚಿನವರು ಎಡವುವುದು ಲೋಡ್‌ಲೈನ್ ಕ್ಯಾಲಿಬ್ರೇಶನ್‌ನಲ್ಲಿ, ಅಂದರೆ ಭಾರ ಬಂದಾಗ ವೋಲ್ಟೇಜ್ ಎಷ್ಟು ಕುಸಿಯಲಿ ಎಂದು ಹೇಳುವ ಸೆಟ್ಟಿಂಗಿನಲ್ಲಿ. ಬಯೋಸಿನಲ್ಲಿ 1.30 ಕೊಟ್ಟರೂ ಲೋಡ್ ಬಿದ್ದಾಗ ವೋಲ್ಟೇಜ್ 1.22ಕ್ಕೆ ಕುಸಿಯಬಹುದು. ಇದು ದೋಷವಲ್ಲ, ಬೇಕೆಂದೇ ಇಟ್ಟ ವ್ಯವಸ್ಥೆ. ಕುಸಿತ ತಡೆಯಲು ಲೋಡ್‌ಲೈನನ್ನು ತುದಿಗೆ ಬಿಗಿ ಮಾಡಿದರೆ, ಲೋಡ್ ಥಟ್ಟನೆ ತಪ್ಪಿದ ಕ್ಷಣ ವೋಲ್ಟೇಜ್ ಕೊಟ್ಟದ್ದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ. ಮೈಕ್ರೋಸೆಕೆಂಡುಗಳ ಆ ಜಿಗಿತ ಯಾವ ಸಾಫ್ಟ್‌ವೇರಿಗೂ ಕಾಣದು, ಚಿಪ್ಪಿಗೆ ಮಾತ್ರ ಬಡಿಯುತ್ತದೆ. ಮಧ್ಯದ ಹಂತ ಸಾಕು. ಏಸಸ್ ಬೋರ್ಡಿನಲ್ಲಿ ಅಂಕಿ ಹೆಚ್ಚಿದಷ್ಟೂ ಬಿಗಿ, ಎಂಎಸ್ಐ ಮತ್ತು ಎಎಸ್‌ರಾಕ್‌ನಲ್ಲಿ 1 ಅಂದರೇ ಅತಿ ಬಿಗಿ. ಒಂದು ಬೋರ್ಡಿಗೆ ಹೇಳಿದ ಅಂಕಿಯನ್ನು ಇನ್ನೊಂದಕ್ಕೆ ಹಾಕುವುದು ಅಪಾಯ.

13, 14ನೇ ತಲೆಮಾರಿನ ಐ7, ಐ9 ಇದ್ದವರು ಓವರ್‌ಕ್ಲಾಕಿನ ಮೊದಲೇ ಬಯೋಸ್ ನೋಡಿಕೊಳ್ಳಬೇಕು. ಚಿಪ್ ತಾನೇ ಅತಿ ವೋಲ್ಟೇಜ್ ಕೇಳಿ ಸವೆಯುತ್ತಿದ್ದುದಕ್ಕೆ ಇಂಟೆಲ್ 2024ರಲ್ಲಿ ಬಯೋಸ್ ಮೂಲಕ ಬರುವ ಮೈಕ್ರೋಕೋಡ್ (ಚಿಪ್ಪಿನೊಳಗಿನ ತಂತ್ರಾಂಶ) ತಿದ್ದುಪಡಿಗಳನ್ನು ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ರೈಜೆನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟ ಪ್ರಕರಣಗಳ ನಂತರ 2023ರಲ್ಲಿ ಎಸ್ಒಸಿ ವೋಲ್ಟೇಜಿಗೆ (ಕೋರುಗಳಿಗಲ್ಲ, ಚಿಪ್ಪಿನ ಮೆಮೊರಿ ಕಂಟ್ರೋಲರ್ ಭಾಗಕ್ಕೆ ಹೋಗುವುದು) 1.30 ವೋಲ್ಟ್ ಮಿತಿ ಬಂತು. ಹಳೆ ಬಯೋಸಿನಲ್ಲಿ ಆ ಮಿತಿ ಇಲ್ಲ.

ರೈಜೆನ್ 5000 ಮತ್ತು ಅದರ ನಂತರದ ಚಿಪ್‌ಗಳಿಗೆ ಎಲ್ಲ ಕೋರಿಗೂ ಒಂದೇ ವೇಗ ಕಟ್ಟುವುದು ಬೇಡ. ಕಡಿಮೆ ವೋಲ್ಟೇಜ್ ಕೊಟ್ಟರೆ ಅವು ತಾವೇ ವೇಗ ಏರಿಸಿಕೊಳ್ಳುತ್ತವೆ, ನಮ್ಮ ಬಿಸಿಲಿಗೆ ಇದಕ್ಕಿಂತ ಒಪ್ಪುವ ದಾರಿ ಇಲ್ಲ. ಬಯೋಸಿನ ಪಿಬಿಒ (ರೈಜೆನ್‌ನ ಓವರ್‌ಕ್ಲಾಕ್ ಮೆನು) ಒಳಗೆ ಕೋರುಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್ ತೆರೆದು ಎಲ್ಲ ಕೋರಿಗೆ ಮೈನಸ್ 10 ಕೊಡಿ. ಒಂದೊಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಸರಿಹೋದರೆ ಮೈನಸ್ 15, ಆಮೇಲೆ 20. ಅಲ್ಲೇ ತಾಪಮಾನದ ಮಿತಿಯನ್ನೂ 85ಕ್ಕೆ ಕಟ್ಟಿಬಿಡಿ.

ಆದರೆ ಇದರ ತಪ್ಪು ಸಿಕ್ಕುವುದು ಭಾರದ ಕೆಲಸದಲ್ಲಲ್ಲ. ಸಿನೆಬೆಂಚ್ ಗಂಟೆಗಟ್ಟಲೆ ಓಡುತ್ತದೆ, ರಾತ್ರಿ ಸುಮ್ಮನೆ ಬಿಟ್ಟ ಕಂಪ್ಯೂಟರ್ ಬೆಳಿಗ್ಗೆಗೆ ರೀಸ್ಟಾರ್ಟ್ ಆಗಿರುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ ತುದಿವೇಗಕ್ಕೆ ಏರುತ್ತದೆ, ಅಲ್ಲಿ ವೋಲ್ಟೇಜ್ ಸಾಲದೆ ಆ ಕೋರ್ ಬೀಳುತ್ತದೆ, ಅಂದರೆ ಕ್ರ್ಯಾಶ್ ಆಗುತ್ತದೆ. ಇದಕ್ಕೆ ಒಂದೊಂದೇ ಕೋರನ್ನು ಪರೀಕ್ಷಿಸುವ ಕೋರ್‌ಸೈಕ್ಲರ್ ಬೇಕು, ಇಡೀ ರಾತ್ರಿ ಬಿಡಿ. ಬಿದ್ದಿದ್ದರೆ ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್ಇಎ-ಲಾಗರ್ (ಹಾರ್ಡ್‌ವೇರ್ ದೋಷದ ದಾಖಲೆ), ಐಡಿ 18 ನೋಡಿ, ಅದರಲ್ಲಿ ಯಾವ ಕೋರ್ ಬಿತ್ತೆಂದು ಹೇಳುವ ಎಪಿಐಸಿ ಐಡಿ ಇರುತ್ತದೆ. 8 ಕೋರಿನ 5800ಎಕ್ಸ್‌ನಲ್ಲಿ ಆ ಅಂಕಿಯನ್ನು ಎರಡರಿಂದ ಭಾಗಿಸಿದರೆ ಕೋರ್ ಸಿಗುತ್ತದೆ: 6 ಅಥವಾ 7 ಬಂದಿದ್ದರೆ 3ನೇ ಕೋರ್, ಎಣಿಕೆ ಸೊನ್ನೆಯಿಂದ. ಅದೊಂದನ್ನೇ ಮೈನಸ್ 20ರಿಂದ 15ಕ್ಕೆ ತನ್ನಿ. ಸಾಮಾನ್ಯವಾಗಿ ಮೊದಲು ಬೀಳುವುದು ಅತ್ಯಂತ ವೇಗದ ಕೋರುಗಳೇ. ಅವುಗಳ ವೋಲ್ಟೇಜ್ ಮೊದಲೇ ಬಿಗಿಯಾಗಿರುವುದರಿಂದ ಇಳಿಸಲು ಜಾಗ ಕಡಿಮೆ.

ಕರೆಂಟಿನ ವಿಷಯ. 600 ವಿಎ ಯುಪಿಎಸ್ ಹೆಚ್ಚಾಗಿ 360 ವ್ಯಾಟ್ ತಡೆದೀತು. ಗ್ರಾಫಿಕ್ಸ್ ಕಾರ್ಡೂ ಇದ್ದರೆ ಆಟದ ನಡುವೆ ಕರೆಂಟ್ ಹೋದಾಗ ಅದು ಬೀಪ್ ಎಂದು ಕೈಬಿಡುತ್ತದೆ. ಎಸ್ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಚೀಟಿಯಲ್ಲಿ ಇನ್‌ಪುಟ್ 100–240 ವೋಲ್ಟ್ ಇದೆಯೇ ನೋಡಿ. 200–240 ಎಂದಿದ್ದರೆ, ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ 180ಕ್ಕೆ ಇಳಿಯುವ ಹಳ್ಳಿಯ ಲೈನಿನಲ್ಲಿ ಅದು ರೀಸ್ಟಾರ್ಟ್ ಹೊಡೆಯುತ್ತದೆ, ನೀವು ಓವರ್‌ಕ್ಲಾಕನ್ನು ಅನುಮಾನಿಸುತ್ತ ಕೂರುತ್ತೀರಿ.

ಇನ್ನು ಧೂಳು. ಸಂಡೂರು, ತೋರಣಗಲ್ಲಿನ ಕೆಂಧೂಳು, ಗಂಗಾವತಿ, ಸಿಂಧನೂರಿನ ರೈಸ್‌ಮಿಲ್ ಪಕ್ಕದ ಹೊಟ್ಟಿನ ಪುಡಿ, ರಾಯಚೂರಿನ ಹತ್ತಿ ನವಿರು, ಮೂರರ ಸ್ವಭಾವವೂ ಬೇರೆ. ಹತ್ತಿ ನವಿರು ಫ್ಯಾನಿಗೂ ಹೀಟ್‌ಸಿಂಕಿಗೂ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಹೋಗದು, ಕ್ಲಿಪ್ ಬಿಚ್ಚಿ ಫ್ಯಾನ್ ತೆಗೆದರೆ ಇಡೀ ಪದರ ಕೈಗೆ ಬರುತ್ತದೆ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ವೇಗವಾಗಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಒಳಗೆ ಎಳೆಯುವ ಫ್ಯಾನ್ ಎರಡು, ಹೊರಗೆ ತಳ್ಳುವುದು ಒಂದು ಇದ್ದರೆ ಸಂದಿಗಳಿಂದ ಧೂಳು ನುಗ್ಗದು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮುಂದಿನ ಜಾಲರಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಮನೆಯ ನೀರಿನ ಕೂಲರಿನ ಗಾಳಿಗೆ ಕ್ಯಾಬಿನೆಟ್ ನೇರವಾಗಿ ಇಡಬೇಡಿ. ತೇವಕ್ಕೆ ಕೆಂಧೂಳು ಅಂಟಿ ರೆಕ್ಕೆಗಳ ನಡುವೆ ಮಣ್ಣಿನ ಹೆಪ್ಪಾದರೆ ಊದಿದರೂ ಏಳದು. ಕೂಲರ್ ಕೋಣೆಯನ್ನು ತಣ್ಣಗೆ ಮಾಡಲಿ, ಕ್ಯಾಬಿನೆಟ್ ಪಕ್ಕಕ್ಕಿರಲಿ.

ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಶಾಖ ದಾಟಿಸುವ ಪೇಸ್ಟ್ ಬದಲಿಸಲು ಎಎಂ4 (ರೈಜೆನ್ 5000ರವರೆಗಿನ ಸಾಕೆಟ್) ಬೋರ್ಡಿನ ಹೀಟ್‌ಸಿಂಕ್ ತೆಗೆಯುವ ಮುನ್ನ ಹತ್ತು ನಿಮಿಷ ಸಿನೆಬೆಂಚ್ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಬಿಸಿಯಿರುವಾಗಲೇ ಎಡಬಲಕ್ಕೆ ತಿರುಚಿ ಎತ್ತಿ. ತಣ್ಣಗಿದ್ದಾಗ ನೇರ ಮೇಲಕ್ಕೆಳೆದರೆ ಗಟ್ಟಿಯಾದ ಪೇಸ್ಟಿಗೆ ಅಂಟಿ ಚಿಪ್ಪೂ ಸಾಕೆಟ್ಟಿನಿಂದ ಕಿತ್ತುಬಂದು ಪಿನ್ ಬಾಗುತ್ತವೆ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು.

ಯಾವುದೋ ಅಂಕಿ ಹೆಚ್ಚಾಗಿ ಪರದೆಯೇ ಬರದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿಹಿಡಿದು ಉಳಿದ ಕರೆಂಟ್ ಇಳಿಸಿ, ಬಯೋಸ್ ಸೆಟ್ಟಿಂಗ್ ಅಳಿಸುವ, ಬೋರ್ಡಿನ ಕ್ಲಿಯರ್ ಸಿಮಾಸ್ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ. ಪಿನ್ ಸಿಗದಿದ್ದರೆ ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಎಲ್ಲವೂ ಡಿಫಾಲ್ಟಿಗೆ ಬರುತ್ತದೆ. ಅದಕ್ಕೇ ಪ್ರತಿ ಬದಲಾವಣೆಯನ್ನೂ ಬರೆದಿಡಿ, ಸರಿಹೋದ ಸೆಟ್ಟಿಂಗನ್ನು ಬಯೋಸ್ ಪ್ರೊಫೈಲಿನಲ್ಲಿ ‘ಮೇ’, ‘ಡಿಸೆಂಬರ್’ ಎಂದು ಎರಡು ಹೆಸರಲ್ಲಿ ಉಳಿಸಿ.