ಈಸ್ಟರ್‌ಗೆ ಪೀನಟ್ ಬಟರ್ ಮೊಟ್ಟೆ

ಈಸ್ಟರ್ ಹತ್ತಿರವಾದಂತೆ ಇಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಎಷ್ಟೋ ಚರ್ಚ್‌ಗಳ ಅಡುಗೆಮನೆಗಳು ಮೊಟ್ಟೆಯ ಕಾರ್ಖಾನೆಗಳಾಗುತ್ತವೆ. ಕೋಳಿಯದಲ್ಲ, ಪೀನಟ್ ಬಟರ್ (ಕಡಲೆಬೀಜ ಅರೆದ ಬೆಣ್ಣೆಯಂಥ ಪೇಸ್ಟ್) ಹೂರಣಕ್ಕೆ ಚಾಕೊಲೇಟ್ ಹೊದಿಸಿದ ಮಿಠಾಯಿ. ಮಾರಿ ಬಂದ ಹಣ ಚರ್ಚಿಗೆ. ಮಿಠಾಯಿ ತಯಾರಕ ಎಚ್. ಬಿ. ರೀಸ್ 1928ರಲ್ಲಿ ಪೀನಟ್ ಬಟರ್ ಕಪ್ ಎಂಬ, ಒಳಗೆ ಪೀನಟ್ ಬಟರ್ ತುಂಬಿದ ಚಾಕೊಲೇಟ್ ಮಾಡಿದ ಹರ್ಷಿ ಪಟ್ಟಣವೂ ಇದೇ ರಾಜ್ಯದ್ದು, ಹಾಗಾಗಿ ಈ ಹುಚ್ಚು ಅಚ್ಚರಿಯಲ್ಲ.

ನಾನು ಮನೆಯಲ್ಲೇ ಮಾಡುತ್ತೇನೆ. ಒಂದು ಕಪ್ ಪೀನಟ್ ಬಟರ್, ಕಾಲು ಕಪ್ ಮೆತ್ತಗಿನ ಬೆಣ್ಣೆ, ಎರಡು ಕಪ್ ಪುಡಿ ಸಕ್ಕರೆ, ಉಪ್ಪು. ಉಪ್ಪು ಚಿಟಿಕೆಗಿಂತ ಸ್ವಲ್ಪ ಹೆಚ್ಚೇ ಇರಲಿ, ಇಲ್ಲದಿದ್ದರೆ ಬರೀ ಸಿಹಿ. ಎಣ್ಣೆ ಮೇಲೆ ತೇಲುವ ಬಗೆಯ ಪೀನಟ್ ಬಟರ್ ಆರೋಗ್ಯಕ್ಕೆ ಒಳ್ಳೆಯದಿರಬಹುದು, ಮೊಟ್ಟೆಗೆ ಬೇಡ, ಆಕಾರ ನಿಲ್ಲುವುದಿಲ್ಲ. ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಅಂಗೈಯಲ್ಲಿ ಉರುಟಿಸಿ, ಒಂದು ತುದಿ ಚೂಪು ಮಾಡಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ.

ಕಪ್ಪು ಚಾಕೊಲೇಟನ್ನು ಒಂದು ಚಮಚ ಕೊಬ್ಬರಿ ಎಣ್ಣೆಯೊಂದಿಗೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಬೇಕು. ಒಂದು ಹನಿ ನೀರು ಬಿದ್ದರೂ ಅದು ತರಿತರಿಯಾಗಿ ಗಟ್ಟಿಯಾಗುತ್ತದೆ. ಫೋರ್ಕ್ ಮೇಲೆ ಮೊಟ್ಟೆಯಿಟ್ಟು ಅದ್ದಿ, ತಟ್ಟಿ, ಕಾಗದದ ಮೇಲೆ ಜಾರಿಸಿ.

ಭಾರತದಿಂದ ಬಂದಿದ್ದ ಅತ್ತೆ ರುಚಿ ನೋಡಿ, "ಕಡಲೆಬೀಜದ ಉಂಡೆಗೆ ಇಷ್ಟೊಂದು ಅಲಂಕಾರವೇ?" ಎಂದರು. ಎರಡನೆಯದನ್ನೂ ತೆಗೆದುಕೊಂಡರು.

ನೆರೆಮನೆಯ ಮಕ್ಕಳಿಗೆ ಹಂಚುವ ಮುನ್ನ ಅಲರ್ಜಿ ಇದೆಯೇ ಎಂದು ದೊಡ್ಡವರನ್ನು ಕೇಳಿಬಿಡಿ. ಕಡಲೆಬೀಜದ ವಿಷಯದಲ್ಲಿ ಅದು ಹುಡುಗಾಟವಲ್ಲ.