ಅದೇ ಹೆಸರು, ಬೇರೆ ತೂಕ

ಭಾನುವಾರ ಬೆಳಿಗ್ಗೆ ಮೇಲ್ ತೆರೆದರೆ, ಮುಖಪರಿಚಯವಿಲ್ಲದ ಬಳಕೆದಾರರೊಬ್ಬರ ಎರಡೇ ಸಾಲು: ನಿಮ್ಮ ಪೋರ್ಟ್ ಬಿಲ್ಡ್ ಆಗುತ್ತಿಲ್ಲ, ಚೆಕ್‌ಸಮ್ ತಾಳೆಯಾಗುತ್ತಿಲ್ಲ.

ಹೊರಗಿನವರು ಬರೆದ ಸಾವಿರಾರು ತಂತ್ರಾಂಶಗಳನ್ನು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಹೊಂದಿಸಿಕೊಡುವ ಪೋರ್ಟ್ಸ್ ಸಂಗ್ರಹ 1994ರಿಂದ ನಡೆದು ಬಂದಿದೆ. ಅದರಲ್ಲಿ ಪಿಡಿಎಫ್ ಪುಟಗಳನ್ನು ಜೋಡಿಸುವ ಒಂದು ಸಣ್ಣ ಸಾಧನಕ್ಕೆ ನಾನು ಮೇಂಟೇನರ್, ಅಂದರೆ ಅದರ ಪೋರ್ಟ್ ನೋಡಿಕೊಳ್ಳುವವನು. ವಿಜಯಪುರದ ನಮ್ಮ ಮನೆಯ ಮಹಡಿಯಲ್ಲಿ ಕುಳಿತು, ಸಂಬಳವಿಲ್ಲದೆ, ಇಷ್ಟಪಟ್ಟು ಮಾಡುವ ಕೆಲಸ.

ನನ್ನ ಯಂತ್ರದಲ್ಲಿ ಬಿಲ್ಡ್, ಅಂದರೆ ಮೂಲ ಕಡತದಿಂದ ತಂತ್ರಾಂಶ ಕಟ್ಟುವ ಕೆಲಸ, ಸರಾಗವಾಗಿ ಮುಗಿಯಿತು. ಕಾರಣ ಹೊಳೆದದ್ದು ಎರಡನೆಯ ಚಹಾದ ಹೊತ್ತಿಗೆ: ಹದಿನೈದು ದಿನಗಳ ಹಿಂದೆ ಇಳಿಸಿಕೊಂಡ ಮೂಲ ಕಡತ ನನ್ನಲ್ಲೇ ಉಳಿದಿತ್ತು. ಅದನ್ನು ಪಕ್ಕಕ್ಕಿಟ್ಟು ಹೊಸದಾಗಿ ಇಳಿಸಿದೆ. ಹೆಸರು ಅದೇ, ಆವೃತ್ತಿ 2.4 ಅದೇ, ಗಾತ್ರ ಮಾತ್ರ 853 ಬೈಟ್ ಹೆಚ್ಚು. ಲೇಖಕರು ಆವೃತ್ತಿ ಸಂಖ್ಯೆಯನ್ನು ಮುಟ್ಟದೆ ಒಳಗಿನದನ್ನು ಬದಲಿಸಿದ್ದರು.

ಪೋರ್ಟ್‌ನ ಜೊತೆ ‘ಡಿಸ್ಟ್‌ಇನ್ಫೋ’ ಎಂಬ ಪುಟ್ಟ ಕಡತವಿರುತ್ತದೆ. ಅದರಲ್ಲಿ ಮೂಲ ಕಡತದ ಚೆಕ್‌ಸಮ್, ಅಂದರೆ ಒಳಗಿನ ಒಂದು ಬೈಟ್ ಬದಲಾದರೂ ತಾನೂ ಬದಲಾಗುವ 64 ಅಕ್ಷರಗಳ ಎಸ್‌ಎಚ್‌ಎ256 ಮೊತ್ತ, ಅದರ ಕೆಳಗೆ ಬೈಟ್‌ಗಳ ಲೆಕ್ಕ. ನಮ್ಮ ಅಪ್ಪ ಎಪಿಎಂಸಿಯ ಒಣದ್ರಾಕ್ಷಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಬಾಕ್ಸಿನ ಮೇಲೆ 15 ಕಿಲೋ ಎಂದು ಅಚ್ಚಾಗಿದ್ದರೂ ಕಾಟಾಕ್ಕೆ ಹಾಕದೆ ಅವರ ಪೆನ್ನು ಕಾಗದಕ್ಕೆ ತಾಗುವುದಿಲ್ಲ. ಈ ಡಿಸ್ಟ್‌ಇನ್ಫೋ ಏನೆಂದು ಅವರು ಒಮ್ಮೆ ಕೇಳಿದಾಗ ‘ತೂಕದ ಚೀಟಿ’ ಎಂದಿದ್ದೆ. ಅಷ್ಟಕ್ಕೇ ಅವರಿಗೆ ತಿಳಿಯಿತು.

‘ಮೇಕ್ ಮೇಕ್‌ಸಮ್’ ಎಂದು ಒತ್ತಿದರೆ ಹೊಸ ಮೊತ್ತ ತಾನಾಗಿ ಬರೆದುಕೊಳ್ಳುತ್ತದೆ, ದೂರು ಅಲ್ಲಿಗೇ ನಿಲ್ಲುತ್ತದೆ. ಅದು ಬಾಕ್ಸ್ ಬಿಚ್ಚದೆ ಚೀಟಿ ತಿದ್ದಿದ ಹಾಗೆ. 2024ರ ಮಾರ್ಚ್‌ನಲ್ಲಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದ ಪ್ರಕರಣ ಬಯಲಾದಾಗ ಎರಡು ರಾತ್ರಿ ನಿದ್ದೆಗೆಟ್ಟು ಓದಿದವನು ನಾನು. ಎಲ್ಲರೂ ನೋಡಬಹುದಾದ ಗಿಟ್ ಸಂಗ್ರಹದಲ್ಲಿ ಇರದ ಸಾಲುಗಳು 5.6.0 ಮತ್ತು 5.6.1ರ ಬಿಡುಗಡೆ ಕಡತಗಳಲ್ಲಿ ಸೇರಿ ಕಳ್ಳಬಾಗಿಲು ತೆರೆದಿದ್ದವು. ದೂರದ ಯಂತ್ರಕ್ಕೆ ಹೊಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಬೆನ್ನು ಹತ್ತದೆ ಹೋಗಿದ್ದರೆ ಅದು ಎಲ್ಲಿಯವರೆಗೆ ಹರಡುತ್ತಿತ್ತೋ! ಅಂದಿನಿಂದ ಕಾರಣ ತಿಳಿಯದ ಒಂದು ಬೈಟನ್ನೂ ನಾನು ಒಪ್ಪುವುದಿಲ್ಲ.

ಎರಡೂ ಕಡತಗಳನ್ನು ಬಿಚ್ಚಿ, ವ್ಯತ್ಯಾಸ ತೋರಿಸುವ ಡಿಫ್ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಏಪ್ರಿಲ್ ಬಿಸಿಲು, ಫ್ಯಾನ್ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಸಾಲು ಸಾಲಾಗಿ ಓದಿದೆ. ಸಹಾಯ ಪುಟಕ್ಕೆ ಎರಡು ಪ್ಯಾರಾ ಸೇರಿತ್ತು, ಮೂರು ಕಾಗುಣಿತ ತಿದ್ದುಪಡಿಗಳಿದ್ದವು. ಕಳ್ಳತನವೇನೂ ಇಲ್ಲ ಎಂದು ಉಸಿರು ಬಿಡುವಾಗ ಕೊನೆಯ ಸ್ಕ್ರಿಪ್ಟ್‌ನ ಮೊದಲ ಸಾಲು, ಅಂದರೆ ಅದನ್ನು ಓಡಿಸುವ ಶೆಲ್ ಎಲ್ಲಿದೆ ಎಂದು ಹೇಳುವ ಸಾಲು, ಕಂಡಿತು. ‘ಎಸ್‌ಎಚ್’ ಇದ್ದ ಕಡೆ ‘ಬ್ಯಾಶ್’ ಬಂದಿತ್ತು, ಅದೂ ‘ಬಿನ್’ ಕೋಶದೊಳಗಿನ ಬ್ಯಾಶ್. ಲಿನಕ್ಸ್‌ನಲ್ಲಿ ಅದು ಸಾಮಾನ್ಯ. ಫ್ರೀಬಿಎಸ್‌ಡಿಯಲ್ಲಿ ಬ್ಯಾಶ್ ಕೂಡ ಹೊರಗಿನಿಂದ ಬಂದ ಪ್ಯಾಕೇಜೇ. ಅದು ಕೂರುವುದು ‘ಯುಎಸ್‌ಆರ್ ಲೋಕಲ್’ ಕೆಳಗೆ. ಚೀಟಿ ತಿದ್ದಿ ಸುಮ್ಮನಾಗಿದ್ದರೆ ಬಿಲ್ಡ್ ಆಗುತ್ತಿತ್ತು, ಇನ್‌ಸ್ಟಾಲ್ ಕೂಡ ಆಗುತ್ತಿತ್ತು. ಓಡಿಸಿದಾಗ ಮಾತ್ರ, ಕಡತ ಕಣ್ಣೆದುರೇ ಇದ್ದರೂ, ‘ಸಿಗಲಿಲ್ಲ’ ಎಂಬ ಸಂದೇಶ. ಪಾಪ, ಆ ಬಳಕೆದಾರರು ಎಲ್ಲೆಲ್ಲಿ ಹುಡುಕಬೇಕಿತ್ತು!

ಪೋರ್ಟ್ ಬಿಲ್ಡ್ ಮಾಡುವ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ ‘ಶಬ್ಯಾಂಗ್‌ಫಿಕ್ಸ್’ ಸೇರಿಸಿದೆ. ಅದು ಮೊದಲ ಸಾಲಿನ ದಾರಿಯನ್ನು ತಿದ್ದುತ್ತದೆ; ಬ್ಯಾಶ್ ಬೇಕೆಂಬುದನ್ನು ನಾನೇ ಬೇರೆ ಸಾಲಿನಲ್ಲಿ ದಾಖಲಿಸಿದೆ. ಹಳೆಯ ಕಡತ ಉಳಿಸಿಕೊಂಡವರಿಗೆ ತೊಡಕಾಗದಂತೆ ಹೊಸದು ಬೇರೆ ಉಪಕೋಶಕ್ಕೆ ಇಳಿಯುವಂತೆ ಮಾಡಿ, ಪೋರ್ಟ್ ರಿವಿಷನ್ ಒಂದು ಏರಿಸಿದೆ. ನಾಲ್ಕಕ್ಕೆ ಕರೆಂಟ್ ಬಂತು. ಪೂದ್ರಿಯೇರ್‌ನಲ್ಲಿ, ಅಂದರೆ ನನ್ನ ಯಂತ್ರದಲ್ಲಿ ಇನ್‌ಸ್ಟಾಲ್ ಆಗಿರುವುದೇನೂ ಕಾಣದ, ‘ಜೈಲ್’ ಎಂಬ ಖಾಲಿ ಪ್ರತ್ಯೇಕ ಪರಿಸರದಲ್ಲಿ, ಮೊದಲಿನಿಂದ ಬಿಲ್ಡ್ ಮಾಡಿದೆ. ಪ್ಯಾಚ್ ಕಳಿಸಿ, ಲೇಖಕರಿಗೂ ಬರೆದೆ: ದಯವಿಟ್ಟು ಒಂದು ಅಕ್ಷರ ಬದಲಾದರೂ ಸಂಖ್ಯೆ ಬದಲಿಸಿ.

ರಾತ್ರಿ ರೊಟ್ಟಿ ಮುರಿಯುತ್ತ ಅಪ್ಪ ಕೇಳಿದರು, “ಎಷ್ಟು ಫರಕು ಬಂದಿತ್ತು?”

“853.”

“ಸಿಕ್ಕಿತೇ?”

“ಎಲ್ಲವೂ ಸಿಕ್ಕಿತು.”

ಮರುದಿನ ಲೇಖಕರು ಕ್ಷಮೆ ಕೇಳಿ 2.4.1 ಬಿಡುಗಡೆ ಮಾಡಿದ್ದರು. ಅದನ್ನು ಇಳಿಸಿಕೊಂಡು, ಹಿಂದಿನ ದಿನದ ಕಡತದ ಪಕ್ಕ ಬಿಚ್ಚಿಟ್ಟು ಮತ್ತೆ ಡಿಫ್ ಹಾಕಿದೆ.